ಹೆಬ್ಬಾವಿನ ಗಂಟಲಿಗಿಳಿದ ಮಿಂಚುಹುಳ

ಒಂದು ಹೆಬ್ಬಾವಿಗೆ ಏನು ನುಂಗಿದರೂ ಒಳಗೆ ಉರಿ. ಎಲ್ಲಿ ಉರಿ ಎಂದು ಕೇಳಿದರೆ ಹೇಳಲು ಬಾರದು. ತನ್ನ ಮೈಯಲ್ಲಿ ಗಂಟಲು ಎಲ್ಲಿ ಮುಗಿದು ಹೊಟ್ಟೆ ಎಲ್ಲಿ ಶುರುವಾಗುತ್ತದೆ ಎಂಬುದೇ ಅದಕ್ಕೆ ಗೊತ್ತಿರಲಿಲ್ಲ.

"ಮೂಳೆ ಸಿಕ್ಕಿಕೊಂಡಿದೆ ಅಣ್ಣ, ಅನ್ನದ ಉಂಡೆ ನುಂಗು" ಎಂದಿತು ಕಾಗೆ. ನುಂಗಿತು.

"ಅದು ವಾಯು, ಒಣಶುಂಠಿ ನುಂಗು" ಎಂದು ಮೇಕೆ ದೂರದಿಂದಲೇ ಹೇಳಿತು. ಅದನ್ನೂ ನುಂಗಿ, ಮೇಲೆ ಒಂದು ಗುಟುಕು ನೀರೂ ಕುಡಿಯದೆ ಮಲಗಿತು. ಉರಿ ಇನ್ನೂ ಹೆಚ್ಚಾಯಿತು. ಯಾರ ಮಾತು ನಂಬುವುದೋ ತಿಳಿಯದೆ ತಲೆಕೆಟ್ಟು ಕೊನೆಗೆ ವೈದ್ಯ ಮಿಂಚುಹುಳವನ್ನು ಕರೆಸಿತು.

"ಬಾಯಿ ತೆರೆಯಿರಿ. ನಾನು ಹೊರಗೆ ಬರುವವರೆಗೆ ದಯವಿಟ್ಟು ನುಂಗಬೇಡಿ" ಎಂದು ಹೇಳಿ ಮಿಂಚುಹುಳ ದೀಪ ಹೊತ್ತಿಸಿಕೊಂಡು ಒಳಗಿಳಿಯಿತು. ಬಾಯಿಗೆ ಬಂದದ್ದನ್ನು ನುಂಗದೆ ಇರುವುದು ಹೆಬ್ಬಾವಿಗೆ ಹುಟ್ಟಿದ ಮೇಲೆ ಇದೇ ಮೊದಲು. ಅದರ ಕಣ್ಣಲ್ಲಿ ನೀರು ಬಂತು.

ಮಿಂಚುಹುಳ ಹೊರಗೆ ಬಂದು ಹೇಳಿತು: "ಮೂಳೆಯೂ ಇಲ್ಲ, ವಾಯುವೂ ಇಲ್ಲ. ಯಾವುದೋ ಕೊಂಬು ಗೀರಿದ ಸಣ್ಣ ಗಾಯ ಅಷ್ಟೇ. ನೀವು ನೀರಿಲ್ಲದೆ ನುಂಗಿದ ಮದ್ದು ಅದರ ಮೇಲೆ ಅಂಟಿಕೊಂಡು ಹುಣ್ಣಾಗಿದೆ. ಎಂಟು ದಿನ ನೀರು ಬಿಟ್ಟು ಏನನ್ನೂ ನುಂಗಬೇಡಿ, ತಾನಾಗಿ ಮಾಯುತ್ತದೆ."

"ಮದ್ದು?"

"ಬೇಡ" ಎಂದು ಮಿಂಚುಹುಳ ಹಾರಿಹೋಯಿತು.

ಹೆಬ್ಬಾವಿಗೆ ದಿಕ್ಕೇ ತೋಚಲಿಲ್ಲ. ಅಷ್ಟು ಆಳಕ್ಕೆ ಇಳಿದು ನೋಡಿದ ವೈದ್ಯರು ಒಂದು ಗುಳಿಗೆಯನ್ನೂ ಕೊಡಲಿಲ್ಲವಲ್ಲ! ಬಹಳ ಹೊತ್ತು ಯೋಚಿಸಿ ಕಾಗೆಯನ್ನು ಕೂಗಿತು:

"ತಮ್ಮಾ, ನಾನು ಏನನ್ನೂ ನುಂಗಬಾರದಂತೆ. ಅದಕ್ಕೆ ಏನು ನುಂಗಿದರೆ ಒಳ್ಳೆಯದು?"