ಡಂಗುರದವನ ಅಳಿಯ

"ಬುದ್ಧೀ, ಒಳ್ಳೆಯ ಮಾತುಗಾರನಾಗಲು ಏನು ಬೇಕು?" ಎಂದು ಮರುಳಸಿದ್ಧ ತನ್ನ ಗುರುಗಳನ್ನು ಕೇಳಿದ.

ಹಿಂದಿನ ದಿನ ಮಠದ ಸಭೆಯಲ್ಲಿ ಅವನು ಮೊದಲ ಬಾರಿಗೆ ಮಾತಾಡಿದ್ದ. ಒಂದು ಗಂಟೆ ಮಾತಾಡಿದ್ದ. ಜನ ಚಪ್ಪಾಳೆ ತಟ್ಟಿ ಶಾಲು ಹೊದಿಸಿದ್ದರು. ಇನ್ನು ಮುಂದೆ ಮಠದ ಪರವಾಗಿ ಊರೂರಿಗೆ ತನ್ನನ್ನೇ ಕಳುಹಿಸಬೇಕೆಂಬುದು ಅವನ ಆಸೆ.

ಗುರುಗಳು ನಕ್ಕರು. "ಶಾಲು ಇನ್ನೂ ಹೆಗಲ ಮೇಲೇ ಇದೆಯಲ್ಲಪ್ಪ! ಸೆಕೆ ಆಗುವುದಿಲ್ಲವೇ? ಕೂತುಕೋ" ಎಂದು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಡಂಗುರ ಸಾರುವ ಮುದುಕನೊಬ್ಬನಿದ್ದ. ಅವನದು ಒಡಕು ಗಂಟಲು. ತಮಟೆ ಬಡಿದು, ಗೌಡ ಹೇಳಿಕಳುಹಿಸಿದ್ದನ್ನು ಎರಡೇ ಮಾತಿನಲ್ಲಿ ಕೂಗುತ್ತಿದ್ದ. ಆಮೇಲೆ ಎದುರಿಗೆ ಸಿಕ್ಕವರನ್ನು ನಿಲ್ಲಿಸಿ, "ಏನು ಸಾರಿದೆ, ಹೇಳು" ಎನ್ನುತ್ತಿದ್ದ. ಸರಿಯಾಗಿ ಹೇಳಿದರೆ ಮುಂದಿನ ಬೀದಿಗೆ ಹೋಗುತ್ತಿದ್ದ. ಹೇಳದಿದ್ದರೆ ಮತ್ತೆ ಅಲ್ಲೇ ತಮಟೆ. ಇವನದೊಂದು ಕಾಟವೆಂದು ಜನ ರೇಗುತ್ತಿದ್ದರು.

ಮುದುಕನ ಕೈಲಾಗದ ಕಾಲಕ್ಕೆ ಕೆಲಸ ಅಳಿಯನಿಗೆ ಬಂತು. ಅಳಿಯನ ಗಂಟಲೋ, ಆಹಾ! ದೇವರನ್ನು ನೆನೆದು, ಗೌಡನನ್ನು ಹೊಗಳಿ, ಪ್ರಾಸ ಕಟ್ಟಿ, ರಾಗ ಎಳೆದು ಸಾರುತ್ತಿದ್ದ. ಹೆಂಗಸರು ಒನಕೆ ಕೆಳಗಿಟ್ಟು ಬಾಗಿಲಿಗೆ ಬರುತ್ತಿದ್ದರು. ಮಾವನ ಪದ್ಧತಿಯನ್ನು ಅವನು ಬಿಟ್ಟುಬಿಟ್ಟ. "ನನ್ನ ದನಿ ಕೇಳಿಸದವರು ಯಾರಿದ್ದಾರೆ ಮಾವ?" ಎಂದ. ಅದೂ ನಿಜವೇ ಅನ್ನು. ಎಲ್ಲರಿಗೂ ಕೇಳಿಸುತ್ತಿತ್ತು.

ಒಂದು ಮಳೆಗಾಲ ಕೆರೆ ಕೋಡಿ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಏರಿಯಲ್ಲಿ ಬಿರುಕು ಕಾಣಿಸಿತು. ಏರಿಯ ಕೆಳಗಿನ ಕೇರಿಯವರೆಲ್ಲ ಕೂಡಲೇ ಗುಡ್ಡ ಹತ್ತಬೇಕೆಂದು ಸಾರಲು ಗೌಡ ಅಳಿಯನನ್ನು ಓಡಿಸಿದ. ಅಂದು ಸಾರಿದಂತೆ ಅವನು ಎಂದೂ ಸಾರಿರಲಿಲ್ಲ. ಗಂಗೆಯನ್ನು ಕೊಂಡಾಡಿದ. ಕೆರೆ ಕಟ್ಟಿಸಿದ ಹಿರಿಯರನ್ನು ನೆನೆದ. ಬಿರುಕನ್ನೂ ಗುಡ್ಡವನ್ನೂ ಕಡೆಯ ಪ್ರಾಸದಲ್ಲಿ ಸೇರಿಸಿದ. ಜನ ತಲೆದೂಗಿದರು. ಅವನು ಮುಂದಿನ ಬೀದಿಗೆ ಹೋದ.

ಆ ಕೇರಿಯಲ್ಲೇ ಅವನ ಮನೆಯೂ ಇತ್ತು. ಮನೆಯಲ್ಲಿ ಹೆಂಡತಿ, ತೊಟ್ಟಿಲಲ್ಲಿ ಕೂಸು. ಏರಿಯ ಸುದ್ದಿ ತಿಳಿದಿದ್ದ ಮುದುಕ ಗುಡ್ಡದ ದಾರಿ ನೋಡಿದ. ದಾರಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಬಿದ್ದಂಬೀಳ ಮಗಳ ಮನೆಗೆ ಓಡಿದ. ಅವಳು ಹೊಸ ಸೀರೆ ಉಟ್ಟು, ಮೊರದಲ್ಲಿ ಅರಿಶಿನ, ಕುಂಕುಮ, ಬಳೆ ಜೋಡಿಸುತ್ತಿದ್ದಳು.

"ಕೇಳಿದೆಯಾ ಅಪ್ಪಾ? ಇವತ್ತು ಎಷ್ಟು ಚೆನ್ನಾಗಿ ಸಾರಿದರು! ನನಗಂತೂ ಕಣ್ಣಲ್ಲಿ ನೀರೇ ಬಂತು."

"ಏನು ಸಾರಿದ, ಹೇಳು."

"ಇನ್ನೇನು? ಕೆರೆ ತುಂಬಿದೆ, ಗಂಗಮ್ಮನಿಗೆ ಬಾಗಿನ ಬಿಡಲು ಏರಿಗೆ ಬನ್ನಿ ಅಂತ. ಕೂಸನ್ನೂ ಕರೆದುಕೊಂಡು ಹೊರಟಿದ್ದೇನೆ."

ಮುದುಕ ಬೀದಿಗೆ ಇಣುಕಿದ. ಮನೆಮನೆಯಲ್ಲೂ ಮೊರ ಸಿದ್ಧವಾಗುತ್ತಿತ್ತು. ಅವನು ಕೂಸನ್ನು ಎತ್ತಿ ಮಗಳ ತೋಳಿಗೆ ತುರುಕಿ ಗುಡ್ಡದ ಕಡೆ ದಬ್ಬಿದ. ಕೈಗೆ ಸಿಕ್ಕ ತಟ್ಟೆಯನ್ನು ಸೌಟಿನಿಂದ ಬಡಿಯುತ್ತ, "ಏರಿ ಒಡೆಯುತ್ತದೆ, ಗುಡ್ಡ ಹತ್ತಿ" ಎಂದು ಒಡಕು ದನಿಯಲ್ಲಿ ಕೂಗಿದ. ಬಾಗಿಲು ಬಾಗಿಲಿಗೂ ನಿಂತು, "ಏನು ಹೇಳಿದೆ, ಹೇಳು" ಎಂದ. ಅಂದು ಯಾರೂ ರೇಗಲಿಲ್ಲ. ಹೇಳುತ್ತಲೇ ಓಡಿದರು.

ಸಂಜೆಗೆ ಏರಿ ಒಡೆಯಿತು. ಮನೆಗಳು ಕೊಚ್ಚಿಹೋದವು, ಜನ ಉಳಿದರು. ಗುಡ್ಡದ ಮೇಲೆ ಅಳಿಯ ಕೂಸನ್ನು ಎದೆಗೊತ್ತಿಕೊಂಡು ಗೊಳೋ ಎಂದು ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧ ಶಾಲು ತೆಗೆದು ಮಡಿಸಿಟ್ಟ. ಆದರೂ ಅವನ ಧೈರ್ಯ ಕುಂದಿರಲಿಲ್ಲ. "ತಿಳಿಯಿತು ಬುದ್ಧೀ. ಈಗಲೇ ಹೋಗಿ, ನಾನು ಏನು ಹೇಳಿದೆ ಎಂದು ನಿನ್ನೆ ಬಂದವರನ್ನೆಲ್ಲ ಕೇಳಿಕೊಂಡು ಬರುತ್ತೇನೆ" ಎಂದು ಎದ್ದ.

"ಅವರನ್ನು ಆಮೇಲೆ ಕೇಳುವೆಯಂತೆ" ಎಂದರು ಗುರುಗಳು. "ನಿನ್ನೆ ನೀನು ಹೇಳಿದ್ದೇನು, ಮೊದಲು ನೀನೇ ಎರಡು ಮಾತಿನಲ್ಲಿ ಹೇಳು."

ಎದ್ದು ನಿಂತಿದ್ದ ಮರುಳಸಿದ್ಧ, ನಿನ್ನೆಯ ಮಾತನ್ನು ಮೊದಲಿನಿಂದ ನೆನೆಯುತ್ತ ಮತ್ತೆ ಕೂತುಕೊಂಡ.