ಒಂದು ತಾಸಿನ ಹೈದರಾಬಾದು

ಕೂತವರು ಕೂತಲ್ಲೇ ಕೇಳಿ, ನಿಂತವರು ಗೋಡೆಗೆ ಒರಗಿ ಕೇಳಿ! ಹುಬ್ಬಳ್ಳಿಯಲ್ಲಿ ನೀಲವ್ವ ಅಂತ ಒಬ್ಬಳಿದ್ದಳು. ಅವಳಿಗೆ ಒಬ್ಬನೇ ಮಗ, ಅಡಿವೆಪ್ಪ. ಅವ್ವನ ಮಾತೇ ಅವನಿಗೆ ವೇದ. ಉಳಿದ ಲೋಕದ ಮೇಲೆಲ್ಲ ಗುಮಾನಿ. ಹಾಲಿನವನ ಮೇಲೆ ಗುಮಾನಿ, ಗೋಡೆ ಗಡಿಯಾರದ ಮೇಲೂ ಗುಮಾನಿ! ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನೀಲವ್ವನಿಗೆ ಮುದ್ದು ಮಾಡಿಯೂ ಸಾಕಾಗಿತ್ತು.

ಇಂಥವನಿಗೆ ಹೆಣ್ಣು ಕೊಡೋರು ಯಾರು? ಹೈದರಾಬಾದಿನಲ್ಲಿ ಖಾನಾವಳಿ ಇಟ್ಟಿದ್ದ ನೀಲವ್ವನ ತಮ್ಮ ಸಂಗಪ್ಪ ಹೂಂ ಅಂದ.

"ಅಕ್ಕಾ, ಹುಡುಗ ಒಬ್ಬನ ನಮ್ಮನಿ ಮಟಾ ಬರ್ಲಿ. ಬಂದ್ರ ನನ್ನ ಮಗಳು ದಾನೇಶ್ವರೀನ ಕೊಡ್ತೀನಿ. ಬರಲಿಲ್ಲಂದ್ರ ಇಲ್ಲ!"

ನೀಲವ್ವ ಮಗನನ್ನು ಬಸ್ಸಿಗೆ ಹತ್ತಿಸಿದಳು. "ಊರು ಬಂತು ಅಂದ ಕೂಡ್ಲೆ ಇಳಿ!"

ಪಕ್ಕದ ಮುದುಕಿ ಮೊಮ್ಮಗಳಿಗೆ "ಏಳ ಯವ್ವಾ, ಊರು ಬಂತು" ಅಂದಳು. ಅಡಿವೆಪ್ಪನೂ ಇಳಿದ. ನೋಡಿದರೆ ಹುಬ್ಬಳ್ಳಿ ಪಕ್ಕದ ಅಣ್ಣಿಗೇರಿ! ಅಲ್ಲೇ ಮಾವನ ಖಾನಾವಳಿ ಹುಡುಕಿ ಹುಡುಕಿ ಮನೆಗೆ ವಾಪಸ್ಸು ಬಂದ.

"ಹುಚ್ಚಪ್ಯಾಲಿ! ಅದು ಆಕೀ ಊರು! ಹೈದರಾಬಾದು ಅಂದ್ರ ಮುಂಜಾನೆ ಹೊಂಟ್ರ ದೀಪ ಹಚ್ಚೂ ಹೊತ್ತಿಗೆ ಬರತೈತಿ. ಅಲ್ಲೀ ಮಟಾ ಯಾರು ಏನಂದ್ರೂ ನಂಬಬ್ಯಾಡ, ಇಳಿಯಬ್ಯಾಡ!"

"ಆತವ್ವ. ಇನ್ನ ಹಂಗ ಮಾಡ್ತೀನಿ."

ಬಸ್ಸಿನ ಸಹವಾಸವೇ ಬೇಡ ಅಂತ ಸಂಗಪ್ಪ ವಿಮಾನದ ಟಿಕೆಟ್ಟು ಕಳಿಸಿದ. "ಇದ ಕಡೀ ಸಲ" ಅಂತಲೂ ಹೇಳಿದ. ವಿಮಾನ ಬೆಳಿಗ್ಗೆ ಏರಿತು, ಒಂದು ತಾಸಿಗೆ ಇಳಿಯಿತು.

"ಹೈದರಾಬಾದ್ ಬಂತು ಸರ್, ಇಳೀರಿ" ಅಂದಳು ಗಗನಸಖಿ.

ಅಡಿವೆಪ್ಪ ಕಿಟಕಿಯಲ್ಲಿ ಇಣುಕಿದ. ಹೊರಗೆ ಬಿಸಿಲು! ಬಸ್ಸಿಗೆ ಇಡೀ ಹಗಲು ಬೇಕು, ಇವರಿಗೆ ಇಷ್ಟರಲ್ಲೇ ಬಂತೇ? ಏನೋ ಮಸಲತ್ತು ನಡೆದಿದೆ.

"ಯಾರಿಗೆ ಟೋಪಿ ಹಾಕ್ತೀರಿ? ಉಳಿದ ದಾರಿ ಎಲ್ಲೈತಿ? ಅದನ್ನೂ ಮುಗಸ್ರಿ, ಆಮ್ಯಾಲೆ ಇಳೀತೀನಿ!"

ಗಗನಸಖಿ ಕೈಮುಗಿದಳು. ಅವನು ಇಳಿಯಲಿಲ್ಲ. ಪೈಲಟ್ಟೇ ಬಂದ. "ಇವನೂ ಇದರಾಗ ಶಾಮೀಲು!" ಅಂದ ಅಡಿವೆಪ್ಪ. ಕೊನೆಗೆ ಅವ್ವನಿಗೇ ಫೋನ್ ಹಚ್ಚಿದರು.

"ಲೇ ಮಬ್ಬ, ಇಳಿಯೋ! ಈಗ ಹುಬ್ಬಳ್ಳಿಗೂ ಹೈದರಾಬಾದಿಗೂ ಒಂದ ತಾಸಿನ ದಾರಿ! ತಲಿಯಾಗ ಇಟ್ಕೊ, ಮರೀಬ್ಯಾಡ!"

"ಆತವ್ವ. ಇನ್ನ ಹಂಗ ಮಾಡ್ತೀನಿ."

ಅಂತೂ ಮಾವನ ಮನೆ ಮುಟ್ಟಿದ. ಸಂಗಪ್ಪನಿಗೆ ಹಿಗ್ಗೋ ಹಿಗ್ಗು. ಆಗಲೇ ನಾಲ್ಕು ಜನ ಹಿರಿಯರನ್ನು ಕರೆದು ಕೂರಿಸಿದ. ದಾನೇಶ್ವರಿ ಚಹಾ ಕೊಟ್ಟು ನಕ್ಕಳು. ಅಡಿವೆಪ್ಪನಿಗೆ ಜನ್ಮದಲ್ಲೇ ಅಷ್ಟು ಸಂತೋಷ ಆಗಿರಲಿಲ್ಲ. ಅವಳೊಬ್ಬಳ ಮೇಲೆ ಅವನಿಗೆ ಗುಮಾನಿಯೇ ಬರಲಿಲ್ಲ ನೋಡಿ!

"ನಾಳೆ ನಿಮ್ಮವ್ವನ್ನ ಕರಸಿ ವೀಳ್ಯ ಮುಗಸೋಣು" ಅಂದ ಸಂಗಪ್ಪ.

"ನಾಳೆ ಯಾಕ ಮಾಮಾ? ಕುಂತಿರ್ರಿ, ಈಗ ಕರ್ಕೊಂಡು ಬರ್ತೀನಿ!" ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ವಿಮಾನ ಹತ್ತಲು ಹೊರಟ ಅಂದುಕೊಂಡ ಸಂಗಪ್ಪ, "ಭಾರಿ ಚುರುಕು ಹುಡುಗ!" ಅಂತ ಹಿರಿಯರ ಮುಂದೆ ಮೀಸೆ ತಿರುವಿದ.

ಸಂಜೆಗೆ ನೀಲವ್ವನಿಗೆ ಫೋನ್ ಬಂತು. ದಾರಿಬದಿಯ ಚಹಾ ಅಂಗಡಿಯಿಂದ ಮಗ ಒಂದೇ ಸಮ ಕೂಗುತ್ತಿದ್ದ.

"ಅವ್ವಾ, ಪೊಲೀಸರನ್ನ ಕರಿ! ನಡದೂ ನಡದೂ ಕಾಲು ಬಿದ್ದು ಹೋದ್ವು. ಒಂದ ತಾಸು ಎಂದೋ ಆತು, ಹುಬ್ಬಳ್ಳಿ ಇಲ್ಲ! ಅಲ್ಲಿ ದಾನೇಶ್ವರಿ ಕಾಯಾಕತ್ತಾಳ, ಇಲ್ಲಿ ನಮ್ಮೂರನ್ನ ಯಾರೋ ಎತ್ಕೊಂಡು ಹೋಗ್ಯಾರ! ಹೊರಗ ಬಂದು ನೋಡವ್ವಾ, ನಿನ್ನೂ ಕೂಡೇ ಒಯ್ದಾರೇನು?"