ನೀರಗಂಟಿಗೆ ಕೊಟ್ಟ ಗದ್ದೆ

“ಗುರುಗಳೇ, ಆಳುವವನು ಊರಿನ ಒಳಗಿನವನಾಗಿರಬೇಕೋ, ಊರಿನಿಂದ ಹೊರಗಿನವನಾಗಿರಬೇಕೋ?”

ಶಿಷ್ಯ ಮರುಳಯ್ಯ ಹೀಗೆ ಕೇಳಿದಾಗ ಗುರುಗಳು ಊಟ ಮುಗಿಸಿ ಕೈ ತೊಳೆಯುತ್ತಿದ್ದರು. ಕೇಳುವ ಹೊತ್ತು ಇದಲ್ಲವೆಂದು ಅವನಿಗೂ ಗೊತ್ತಿತ್ತು. ಏನು ಮಾಡುವುದು, ಅವನ ಊರಿನ ಹಿರಿಯರು ಗಾಡಿ ಕಟ್ಟಿಕೊಂಡು ಬಂದು ಮಠದ ಜಗಲಿಯಲ್ಲಿ ಕುಳಿತುಬಿಟ್ಟಿದ್ದರು. ಊರಿನ ಗೌಡ ಮಕ್ಕಳಿಲ್ಲದೆ ತೀರಿಕೊಂಡಿದ್ದ. ಆ ಜಾಗಕ್ಕೆ ಮೇಲುಕೇರಿಯವರು ಒಬ್ಬನ ಹೆಸರು ಹೇಳಿದರೆ ಕೆಳಕೇರಿಯವರು ಇನ್ನೊಬ್ಬನ ಹೆಸರು ಹೇಳಿದರು. ಮಾತಿಗೆ ಮಾತು ಬೆಳೆದು ದೊಣ್ಣೆ ಎದ್ದವು. ಮರುಳಯ್ಯನ ಭಾವನ ತಲೆ ಒಡೆಯಿತು. ರಕ್ತ ಕಂಡ ಮೇಲೆ ಊರಿಗೆ ಬುದ್ಧಿ ಬಂದು, ಎರಡೂ ಕೇರಿಯವರು ಒಪ್ಪಿದ್ದು ಮರುಳಯ್ಯನೊಬ್ಬನನ್ನೇ.

“ನಿಂಗೆ ಹೊಲ ಇಲ್ಲ, ಮನೆ ಇಲ್ಲ, ಹೆಂಡ್ತಿ ಮಕ್ಳಿಲ್ಲ. ಯಾರ ಕಡೆಯವನೂ ಅಲ್ಲ ನೀನು. ಬಂದು ಗೌಡಿಕೆ ವಹಿಸ್ಕೊಳಪ್ಪ,” ಎಂದಿದ್ದರು ಹಿರಿಯರು. ಹೊತ್ತು ಇಳಿಯುವ ಮೊದಲೇ ಗಾಡಿ ಹೊರಡಬೇಕಾಗಿತ್ತು.

ಹೋದರೆ ಕಾವಿ ಬಿಚ್ಚಬೇಕು. ಹೋಗದಿದ್ದರೆ ಮತ್ತೆ ಯಾರ ತಲೆ ಒಡೆಯುತ್ತದೋ ತಿಳಿಯದು. ಮರುಳಯ್ಯ ಬೆಳಗಿನಿಂದ ಒಂದು ಸಲ ಗಂಟು ಕಟ್ಟಿದ, ಒಂದು ಸಲ ಬಿಚ್ಚಿದ. ಆಳುವವನೆಂದರೆ ಯಾರು, ಅವನು ಎಲ್ಲಿ ನಿಲ್ಲಬೇಕು ಎಂಬುದು ತಿಳಿದರೆ ಸಾಕು, ದಾರಿ ಕಾಣುತ್ತದೆ ಎಂದುಕೊಂಡು ಗುರುಗಳ ಮುಂದೆ ಬಂದಿದ್ದ.

ಗುರುಗಳು ಕೈ ಒರೆಸಿಕೊಂಡು ಕುಳಿತರು. ಅವನಿಗೂ ಕೂರಲು ಹೇಳಿದರು. ಪ್ರಶ್ನೆಗೆ ಉತ್ತರ ಹೇಳಲಿಲ್ಲ, ಕತೆ ಹೇಳಿದರು.

ಒಂದು ಊರು. ಆ ಊರಿಗೆ ಒಂದು ಕೆರೆ. ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡಲು ಒಬ್ಬ ನೀರಗಂಟಿ ಇದ್ದ. ಅಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆ ಇತ್ತು. ನೀರಗಂಟಿಯಾದವನಿಗೆ ಆ ಕೆರೆಯ ಕೆಳಗೆ ಅಂಗೈಯಗಲ ಗದ್ದೆಯೂ ಇರಕೂಡದು. ಸುಗ್ಗಿಯಲ್ಲಿ ಪ್ರತಿಯೊಬ್ಬ ರೈತನೂ ಅವನಿಗೆ ಒಂದು ಹೊರೆ ಭತ್ತ ಕೊಡಬೇಕು. ಹೀಗಾಗಿ ಎಲ್ಲರ ಗದ್ದೆಯೂ ಬೆಳೆದರೆ ಮಾತ್ರ ಅವನ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಈ ಕಟ್ಟಳೆ ಮಾಡಿದ ಹಿರಿಯರು ದಡ್ಡರಾಗಿರಲಿಲ್ಲ.

ಇಷ್ಟು ಕೇಳುವಷ್ಟರಲ್ಲಿ ಮರುಳಯ್ಯನ ಮನಸ್ಸು ಹಗುರವಾಯಿತು. ಗದ್ದೆ ಇಲ್ಲದವನೇ ನೀರು ಬಿಡಬೇಕು. ಹಾಗಾದರೆ ಏನೂ ಇಲ್ಲದ ನಾನೇ ಗೌಡನಾಗಬೇಕು. ಊರಿನವರು ಹೇಳಿದ್ದರಲ್ಲಿ ತಪ್ಪೇನಿದೆ? ಅವನು ಏಳಲು ನೋಡಿದ. ಗುರುಗಳು ಕತೆ ನಿಲ್ಲಿಸಲಿಲ್ಲ.

ಒಂದು ವರ್ಷ ಕೆರೆ ಅರ್ಧವೇ ತುಂಬಿತು. ನೀರಗಂಟಿ ಹಗಲು ರಾತ್ರಿ ಕಾಲುವೆಯ ಮೇಲೆಯೇ ಇದ್ದು, ಇದ್ದ ನೀರನ್ನೇ ಕಟ್ಟಕಡೆಯ ಗದ್ದೆಯವರೆಗೂ ಮುಟ್ಟಿಸಿದ. ಎಲ್ಲರ ಕಣಕ್ಕೂ ಭತ್ತ ಬಂತು. ಊರಿಗೆ ಅವನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಪ್ರೀತಿ ಉಕ್ಕಿದಾಗ ಜನ ಕಟ್ಟಳೆಯನ್ನು ನೋಡುವುದಿಲ್ಲ. ಎಲ್ಲರೂ ಸೇರಿ ಕಾಲುವೆಯ ಕೆಳಗಿನ ಗದ್ದೆಗಳ ನಟ್ಟನಡುವೆ ಒಂದು ಗದ್ದೆಯನ್ನು ಅವನಿಗೆ ಬಿಟ್ಟುಕೊಟ್ಟರು. ಅವನು ಬೇಡವೆಂದ. ಆಮೇಲೆ ತೆಗೆದುಕೊಂಡ. ಕೊಟ್ಟ ಗದ್ದೆಯನ್ನು ಕೊನೆಯವರೆಗೂ ಬೇಡವೆನ್ನುವ ಮನುಷ್ಯ ಇನ್ನೂ ಹುಟ್ಟಿಲ್ಲ.

ಮುಂದಿನ ಬೆಳೆಗೆ ಅವನು ತನ್ನ ಸರದಿ ಬಂದಾಗಲೇ ತನ್ನ ಗದ್ದೆಗೆ ನೀರು ಕಟ್ಟಿದ. ಹೆಚ್ಚಿಲ್ಲ, ಕಡಿಮೆಯಿಲ್ಲ. ಆದರೂ ಒಂದು ಸಂಜೆ ಅರಳಿಕಟ್ಟೆಯ ಮೇಲೆ ಕುಳಿತಿದ್ದ ಒಬ್ಬ ರೈತ ಆಕಳಿಸುತ್ತಾ, “ನೀರಗಂಟಿ ಪೈರು ನಮ್ಮದಕ್ಕಿಂತ ಒಸಿ ಕಪ್ಪಗದೆ, ಅಲ್ವಾ?” ಎಂದ. ಅಷ್ಟು ಸಾಕಾಯಿತು. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದವನ ಪಾಡಾಯಿತು ಅವನದು. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂದರು. ಕಟ್ಟೆಯಿಂದ ಕೆರೆಯ ಏರಿ ಒಂದು ಕೂಗಿನ ದೂರ. ಎದ್ದು ಹೋಗಿ ನೋಡಿದವರು ಮಾತ್ರ ಯಾರೂ ಇಲ್ಲ.

ಮಾತು ನೀರಗಂಟಿಯ ಕಿವಿಗೂ ಬಿತ್ತು. ಅವನಿಗೆ ಸಿಟ್ಟಿಗಿಂತ ಭಯವಾಯಿತು. ನನ್ನ ಗದ್ದೆಯ ಬಾಯಿ ಮುಚ್ಚುವಾಗ ಕೈ ತುಸು ತಡಮಾಡಿತೇ? ಇಲ್ಲವೆಂದು ಆಣೆ ಮಾಡಲು ಹೋದರೆ ನಾಲಗೆ ಏಳಲಿಲ್ಲ. ತನ್ನ ಕೈ ತನಗೇ ಪರಕೀಯವಾಯಿತು. ಕೊನೆಗೆ ತನ್ನ ಗದ್ದೆಗೆ ನೀರು ಬಿಡುವುದನ್ನೇ ನಿಲ್ಲಿಸಿದ. ಆಗ ಅವನ ಗದ್ದೆಯ ಮೂಲಕ ನೀರು ಪಡೆಯುತ್ತಿದ್ದ ಕೆಳಗಿನ ಗದ್ದೆಗಳೂ ಬಾಯಿಬಿಟ್ಟವು. “ತನ್ನ ಪೈರನ್ನೇ ಒಣಗಿಸ್ಕೊಂಡವನಿಗೆ ನಮ್ಮದು ಯಾವ ಲೆಕ್ಕ?” ಎಂದರು ಜನ. ಗದ್ದೆಯನ್ನು ಹಿಂದಕ್ಕೆ ಕೊಡಲು ಹೋದ. ಊರು ಕೊಟ್ಟದ್ದನ್ನು ಊರಿನ ಮುಖಕ್ಕೇ ಎಸೆಯುತ್ತಾನೆ ಎಂದು ಬೈದರು. ಗಂಟಲಿನಲ್ಲಿ ಬಿಸಿ ತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ಒಂದು ಬೆಳಿಗ್ಗೆ ಅವನು ಗುದ್ದಲಿಯನ್ನು ಏರಿಯ ಮೇಲಿಟ್ಟು ಮನೆಗೆ ಬಂದುಬಿಟ್ಟ.

ಮರುಳಯ್ಯ ಏಳಲಿಲ್ಲ. ಒಂದು ಗೇಣು ನೆಲ ಅಷ್ಟು ಒಳ್ಳೆಯವನನ್ನು ಹೀಗೆ ಮಾಡಿತಲ್ಲಾ ಎಂದು ಅವನಿಗೆ ಸಂಕಟವಾಯಿತು. ನೀರಗಂಟಿ ಅದೇ ಊರಿನವನಾಗಿದ್ದೇ ತಪ್ಪು, ಪರವೂರಿನವನಾಗಿದ್ದರೆ ಈ ಕಾಟವಿರುತ್ತಿರಲಿಲ್ಲ ಎಂದುಕೊಂಡ. ಆ ಊರಿನವರೂ ಹಾಗೆಯೇ ಅಂದುಕೊಂಡರಂತೆ.

ದೂರದಿಂದ ಒಬ್ಬನನ್ನು ಕರೆತಂದರು. ಅವನಿಗೆ ಅಲ್ಲಿ ಗದ್ದೆಯಿಲ್ಲ, ನೆಂಟರಿಲ್ಲ, ಯಾರ ಮುಖದ ಪರಿಚಯವೂ ಇಲ್ಲ. ಅವನು ಯಾರಿಗೂ ಹೆಚ್ಚು ನೀರು ಬಿಡಲಿಲ್ಲ. ತೂಬು ಎತ್ತಿ ಹುಣಸೆಮರದ ನೆರಳಿನಲ್ಲಿ ಮಲಗುತ್ತಿದ್ದ. ನೀರು ತನಗೆ ತೋಚಿದ ಕಡೆ ಹರಿಯಿತು. ಊರಿಗೆ ಊರೇ ಒಣಗಿದರೂ ಅವನ ಊರಿನಲ್ಲಿ ಅವನಿಗೆ ಅನ್ನವಿತ್ತು. ಭತ್ತದ ತೆನೆ ಹಾಲುಗಟ್ಟುವ ಹೊತ್ತಿಗೆ ಕೆರೆಯಲ್ಲಿ ಕೆಸರು ಮಾತ್ರ ಉಳಿಯಿತು. ಜೊಳ್ಳನ್ನು ತೂರಿಕೊಂಡು ಜನ ಗೋಳಾಡಿದರು.

ಆಮೇಲೆ ಎಲ್ಲರೂ ಮೊದಲಿನ ನೀರಗಂಟಿಯ ಬಾಗಿಲಿಗೆ ಹೋದರು. “ತಪ್ಪಾಯ್ತು ಕಣಪ್ಪ, ಬಾ,” ಎಂದರು.

ಅವನು ಹೊರಗೆ ಬಂದ. “ಬತ್ತೀನಿ. ಗದ್ದೆ ಇರ್ಲೋ ಬ್ಯಾಡ್ವೋ, ನಂಗೆ ತಿಳೀದು. ಆದ್ರೆ ನಾನು ತೂಬು ತೆಗೆಯುವಾಗ ನಿಮ್ಮಲ್ಲಿ ಒಬ್ರು ಏರಿ ಮ್ಯಾಲೆ ಬಂದು ನಿಂತ್ಕೊಂಡಿರಿ,” ಎಂದ.

“ನಾವೇ ಬಂದು ನಿಲ್ಲೋದಾದ್ರೆ ನೀನ್ಯಾಕೆ?” ಎಂದರು ಊರಿನವರು.

ಗುರುಗಳು ಇಲ್ಲಿಗೆ ನಿಲ್ಲಿಸಿ ಅಡಿಕೆ ಕತ್ತರಿಸತೊಡಗಿದರು. ಮರುಳಯ್ಯ ಮುಂದಿನ ಮಾತಿಗಾಗಿ ಕಾದ. ಮುಂದಿನ ಮಾತೇ ಇರಲಿಲ್ಲ. ಅವನ ತಲೆ ಬಂದಾಗ ಇದ್ದುದಕ್ಕಿಂತ ಹೆಚ್ಚು ಗೋಜಲಾಯಿತು. ಒಳಗಿನವನನ್ನು ಊರೇ ನಂಬಲಿಲ್ಲ. ಹೊರಗಿನವನಿಗೆ ಊರೇ ಬೇಕಾಗಿರಲಿಲ್ಲ. ಹಾಗಾದರೆ ನಾನು ಒಳಗಿನವನೇ, ಹೊರಗಿನವನೇ? ಆ ಊರಿನಲ್ಲಿ ಹುಟ್ಟಿದವನು, ಅದನ್ನು ಬಿಟ್ಟು ಬಂದವನು. ಎರಡೂ ಹೌದು, ಎರಡೂ ಅಲ್ಲ. ಹೊರಗೆ ಯಾರೋ ಎತ್ತುಗಳಿಗೆ ನೀರು ಕುಡಿಸುವ ಸದ್ದು ಕೇಳಿಸಿತು. ಅವನಿಗೆ ಅಳು ಬರುವಂತಾಯಿತು.

“ಗುರುಗಳೇ, ನನಗೆ ಏನೂ ತಿಳಿಯಲಿಲ್ಲ. ಒಳಗಿನವನೂ ಆಗಲಿಲ್ಲ, ಹೊರಗಿನವನೂ ಆಗಲಿಲ್ಲ. ನಾನು ಆ ಗಾಡಿ ಹತ್ತಲೋ ಬೇಡವೋ, ಅದನ್ನಾದರೂ ಹೇಳಿ.”

ಗುರುಗಳು ಅಡಿಕೆಯ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಕೇಳಿದರು:

“ನಿನ್ನನ್ನು ಗೌಡನ ಜಾಗದಲ್ಲಿ ಕೂರಿಸಿ ಅವರೆಲ್ಲ ಎಲ್ಲಿಗೆ ಹೋಗುವವರಿದ್ದಾರೆ ಎಂದು ಕೇಳಿದೆಯಾ?”

ಮರುಳಯ್ಯ ಎದ್ದು, ಏರಿಯ ಮೇಲೆ ನಿಲ್ಲುವವರು ಯಾರೆಂದು ಹಿರಿಯರನ್ನು ಕೇಳಲು ಜಗಲಿಗೆ ಹೊರಟ.